ಕಾಶೆವ್ವನ ಸಿಮೆಂಟ್ ನೆಲ, ಮೊಮ್ಮಗನ ಮಣ್ಣೆತ್ತು

ದಾಂಡೇಲಿಯ ಕಾಗದದ ಕಾರ್ಖಾನೆ ಆಗಷ್ಟೇ ಹೊಗೆ ಬಿಡತೊಡಗಿದ್ದ ಕಾಲ. ಧಾರವಾಡದ ಕಡೆಯಿಂದ ನಮ್ಮ ಸಾಲಿನ ಕ್ವಾರ್ಟರ್ಸಿಗೆ ಬಂದವಳು ಕಾಶೆವ್ವ. ಹುಟ್ಟಿದಾಗಿನಿಂದ ಸಗಣಿ ಸಾರಿಸಿದ ನೆಲದಲ್ಲೇ ಬದುಕಿದವಳಿಗೆ ಮಗ ದುರ್ಗಪ್ಪನ ನೌಕರಿಯಿಂದ ಸಿಮೆಂಟ್ ನೆಲ ಸಿಕ್ಕಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ! ಪಕ್ಕದ ಮನೆಯವಳಾದ ನಾನು ಸಕ್ಕರೆ ಕೇಳಲು ಹೋದರೂ ಹೊಸ್ತಿಲ ಹೊರಗೇ ನಿಲ್ಲಿಸಿ, "ಕಾಲ ತೊಳಕೊಂಡ ಬರ್ರಿ" ಎನ್ನುವಳು.

ಮೊಮ್ಮಗ ಶಿವಲಿಂಗನ ಪಾಡಂತೂ ಕೇಳಬೇಡಿ. ಮೈ ಹೊಲಸಾದೀತೆಂದು ಅಜ್ಜಿ ಕೆಳಗೆ ಬಿಡದೆ, ವರ್ಷ ತುಂಬಿ ತಿಂಗಳುಗಳಾದರೂ ಆ ಕೂಸು ನೆಲ ಮುಟ್ಟಿರಲಿಲ್ಲ. ತೊಡೆಯಿಂದ ತೊಟ್ಟಿಲು, ತೊಟ್ಟಿಲಿಂದ ತೊಡೆ. ಮಣ್ಣಾಡುವುದು ಹಾಗಿರಲಿ, ತಾಟಿನಲ್ಲಿ ಅನ್ನ ಕಲಸಿದರೂ ಅಜ್ಜಿ ಕೈ ಒರೆಸುವಳು. ಅಂಬೆಗಾಲೂ ಇಡದ ಮಗನನ್ನು ನೋಡಿ ಸೊಸೆ ಸುಶೀಲವ್ವ ನನ್ನ ಮುಂದೆ ಅಳುತ್ತಿದ್ದಳು. "ಕಾಲಾಗ ಬಲಾನ ಇಲ್ಲೇನ್ರೀ ಅಕ್ಕಾರ?"

ಬಲ ಎಲ್ಲಿಂದ ಬರಬೇಕು, ಆಕಾಶದಿಂದ ಉದುರುತ್ತದೆಯೇ? ಕಾಶೆವ್ವನಿಗೂ ಒಳಗೊಳಗೇ ಹೆದರಿಕೆ ಹತ್ತಿತ್ತು. ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತ ಕಂಡ ದೇವರಿಗೆಲ್ಲ ಹರಕೆ ಹೊತ್ತಳೇ ಹೊರತು ನೆಲಕ್ಕೆ ಬಿಡಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಣ್ಣು ಹೊಲಸಾದರೇನು, ಮಣ್ಣಿನ ಬಸವಣ್ಣ ಹೊಲಸಲ್ಲವಲ್ಲ! ಕಾಶೆವ್ವ ಪೂಜೆಗೆಂದು ಕುಂಬಾರನಿಂದ ಇನ್ನೂ ಸರಿಯಾಗಿ ಆರದ ಮಣ್ಣಿನ ಜೋಡೆತ್ತುಗಳನ್ನು ತರಿಸಿ ಮಣೆಯ ಮೇಲೆ ಇಟ್ಟಳು. ಸೊಸೆ ಒಲೆಯ ಮುಂದೆ ಕಡುಬು ಮಾಡುತ್ತಿದ್ದಳು. ಆರತಿಗೆ ಎರಡೂ ಕೈ ಬೇಕಾದ್ದರಿಂದ ಕಾಶೆವ್ವ ಕೂಸನ್ನು ಕೆಳಗಿಳಿಸಿ, ಆರತಿ ಎತ್ತಿ, ಕಣ್ಣು ಮುಚ್ಚಿ ಕೈ ಮುಗಿದಳು. ಕಣ್ಣು ಬಿಟ್ಟರೆ ಒಂದೆತ್ತು ಇಲ್ಲ.

ಕೂಸು ಹೊಟ್ಟೆ ಎಳೆಯುತ್ತ ಹೋಗಿ, ಬಸವಣ್ಣನನ್ನು ಹಿಚುಕಿ ಮುದ್ದೆ ಮಾಡಿ, ಸಿಮೆಂಟ್ ನೆಲಕ್ಕೆ ಅಂಗೈಯಿಂದ ಬಳಿಯುತ್ತಿತ್ತು. ಕೇಕೆಯೋ ಕೇಕೆ! ಬಾಗಿಲಲ್ಲಿ ನಿಂತಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಅಯ್ಯೋ ಶಿವನೇ, ಗುಲಗಂಜಿ!" ಕಾಶೆವ್ವ ಚೀರಿದಳು. ಎತ್ತಿನ ಕಣ್ಣಿಗೆ ಕುಂಬಾರ ಗುಲಗಂಜಿ ಒತ್ತಿದ್ದ. ವಿಷದ ಕಾಳು ಅದು. ನನ್ನ ನಗು ಅಲ್ಲಿಗೇ ನಿಂತಿತು. ಅವಳು ಕೂಸಿನ ಬಾಯಿಗೆ ಬೆರಳು ಹಾಕಿ ನೋಡಿದಳು, ಏನೂ ಇಲ್ಲ. ಆ ಮುದ್ದೆಯನ್ನು ಬೆರಳಿನಿಂದ ಕೆದಕಿದಳು. ಎರಡೂ ಕಾಳು ಅಲ್ಲೇ ಸಿಕ್ಕವು. ರಾಡಿಯಲ್ಲೇ ಕುಸಿದು ಕೂತಳು.

ಓಡಿಬಂದ ಸುಶೀಲವ್ವ ಮಗನನ್ನು ಎತ್ತಲು ಬಾಗಿದಳು. ಕೂಸು ನುಣುಚಿಕೊಂಡು, ಮೊಣಕಾಲೂರಿ, ಇನ್ನೊಂದು ಎತ್ತಿನ ಕಡೆ ಅಂಬೆಗಾಲಿಡುತ್ತ ಹೊರಟೇಬಿಟ್ಟಿತು.

"ಬಿಡವಾ, ಎತ್ತಬ್ಯಾಡ" ಎಂದಳು ಕಾಶೆವ್ವ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಣೆಯ ಮೇಲೆ ಉಳಿದಿದ್ದ ಬಸವಣ್ಣನ ಎರಡೂ ಕಣ್ಣು ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು. ಆ ಕುರುಡೆತ್ತನ್ನು ಮೊಮ್ಮಗನ ಮುಂದೆ ಇಟ್ಟಳು.

"ತೊಗೋ ನನ್ನಪ್ಪಾ. ಇದನ್ನೂ ಮುರಿ."