ಬಹ್ಲಾದ ಮಣ್ಣು

ಮೋಕ್ಷಾ ನಿದ್ದೆಯಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ವಿಜೇತಾಳ ಕೈ ಮಗುವಿನ ಎದೆಯ ಮೇಲೆ ಹೋಗಿ ಕೂರುತ್ತಿತ್ತು. ಕಿವಿ ಚುಚ್ಚಿಸಿದ ದಿನದಿಂದ ಹತ್ತಿದ ಚಿಂತೆ ಅದು. ಗಣಪ ಮಾವನ ಕೆಮ್ಮು ಮಗುವಿಗೆ ಅಂಟಿದ್ದರೆ? ಮಣಿಪಾಲದ ಮಕ್ಕಳ ಡಾಕ್ಟರು, "ಬರೀ ಶೀತ, ಮದ್ದು ಬೇಕಾದದ್ದು ಅಮ್ಮನಿಗೆ" ಎಂದು ನಕ್ಕು ಕಳಿಸಿದ್ದರೂ ಚಿಂತೆ ಬಿಟ್ಟು ಹೋಗಿರಲಿಲ್ಲ.

ಗಣಪ ಮಾವ ಎಂದರೆ ವಿಜೇತಾಳ ತಾಯಿ ಚಂಪಾಳ ತಮ್ಮ. ಎರ್ಮಾಳಿನಲ್ಲಿ ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದ ಮನುಷ್ಯ. "ಗಣಪನನ್ನು ಕರೆದುಕೊಂಡು ಹೋದರೆ ಮೀನಿಗೆ ಊಟ ಬಡಿಸಿದ ಹಾಗೆ" ಎಂದು ಕಡಲ ಬದಿಯವರು ಗೇಲಿ ಮಾಡುತ್ತಿದ್ದರಂತೆ. ಕೊನೆಗೆ ಮಾವ ನೆಲವನ್ನೇ ನಂಬಿದರು. ಕಾರ್ಕಳದಲ್ಲಿ ಕಲ್ಲು ಕಡಿಯುವವರ ಕೈಕೆಳಗೆ ಪಳಗಿ, ಅಲ್ಲಿಂದ ಒಮಾನಿಗೆ ಹೋದರು. ಬಹ್ಲಾ ಎಂಬ ಊರಿನ ಹಳೆಯ ಕೋಟೆಯನ್ನು ದುರಸ್ತಿ ಮಾಡುವ ಕೆಲಸ.

ಆಗ ವಿಜೇತಾ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ. ಶುಕ್ರವಾರ ಅಲ್ಲಿ ರಜೆ, ಹಾಗಾಗಿ ಶುಕ್ರವಾರ ಸಂಜೆ ಹಾಸ್ಟೆಲಿಗೆ ಮಾವನ ಫೋನು. ಉಂಡದ್ದು ತಿಂದದ್ದು ಎರಡು ಮಾತು, ಉಳಿದದ್ದೆಲ್ಲ ಕೋಟೆ. ಖರ್ಜೂರದ ತೋಟಗಳ ನಡುವೆ ಒಂದು ಗುಡ್ಡ. ಗುಡ್ಡದ ಮೇಲೆ ಕಲ್ಲಿನ ಬುನಾದಿ. ಬುನಾದಿಯ ಮೇಲೆ ಸುಡದ ಮಣ್ಣಿನ ಇಟ್ಟಿಗೆಯ ಗೋಡೆ, ಆಕಾಶಕ್ಕೆ ಎದ್ದ ಬುರುಜು. ನಬ್ಹಾನಿ ಮನೆತನದವರು ಅಲ್ಲಿ ಕೂತು ಶತಮಾನಗಟ್ಟಲೆ ಆಳಿದ್ದರಂತೆ. ಊರಿಗೆ ಊರನ್ನೇ ಬಳಸಿ ಇನ್ನೊಂದು ಗೋಡೆ.

"ಇಲ್ಲಿಯ ಕೋಟೆಗಳ ಬಾಗಿಲ ಮೇಲೆ ಕಿಂಡಿ ಉಂಟು ಮಗಾ. ಶತ್ರು ಬಂದರೆ ಕುದಿಯುವ ಖರ್ಜೂರದ ಪಾಕವನ್ನು ತಲೆ ಮೇಲೆ ಸುರಿಯುವುದಂತೆ."

"ಎಂತ ಮಾವ, ಸಿಹಿ ಹೊಯ್ದು ಕೊಲ್ಲುವುದಾ?"

"ನಮ್ಮೂರಲ್ಲಿ ಮಾತಿನಲ್ಲಿ ಮಾಡುವುದಿಲ್ವಾ? ಹಾಗೆಯೇ."

ಮಣ್ಣಿನ ಕೋಟೆ ಅಪರೂಪದ ಮಳೆಗೂ ಕರಗುತ್ತದೆ, ಕರಗಿದಷ್ಟನ್ನೂ ಮತ್ತೆ ಮೆತ್ತಬೇಕು. "ನಮ್ಮ ಆಟಿ ತಿಂಗಳ ಮಳೆ ಸಿಕ್ಕಿದ್ದರೆ ಕೋಟೆ ಇಡಿಯಾಗಿ ಗದ್ದೆಗೆ ಇಳಿಯುತ್ತಿತ್ತು" ಎನ್ನುತ್ತಿದ್ದರು. ಸುಟ್ಟ ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ಸುಣ್ಣ ಬೆರೆಸಿ ಮಾಡುವ ಗಾರೆ ಅಲ್ಲಿಯದು. ಕಲ್ಲು ಕಡಿಯುವುದು ಮುಗಿದ ಮೇಲೆ ಮಾವನ ಪಾಲಿಗೆ ಬಂದದ್ದು ಆ ಜರಡಿ. ಮುಖಕ್ಕೆ ಒಂದು ಬಟ್ಟೆ ಸುತ್ತಿಕೊಂಡರೆ ಆಯಿತು. "ಸಂಜೆ ಕನ್ನಡಿ ನೋಡಿದರೆ ಮುದುಕ, ಮಿಂದರೆ ಪುನಃ ಮದುಮಗ" ಎಂದು ನಗುತ್ತಿದ್ದರು. ಆ ಧೂಳಿನ ಬಗ್ಗೆ ಅವರು ಆಡಿದ ಮಾತು ಅದೊಂದೇ.

ಕಿವಿ ಚುಚ್ಚುವಾಗ ಮಗು ಸೋದರಮಾವನ ಮಡಿಲಲ್ಲಿ ಕೂರಬೇಕು. ವಿಜೇತಾಳಿಗೆ ಒಡಹುಟ್ಟಿದವರಿಲ್ಲ, ಹಾಗಾಗಿ ಮಗಳಿಗೂ ಗಣಪ ಮಾವನ ಮಡಿಲೇ. ಒಮಾನ್ ಬಿಟ್ಟು ಎರ್ಮಾಳಿಗೆ ಮರಳಿದ್ದ, ಮಕ್ಕಳಿಲ್ಲದ ಮಾವ ಆ ದಿನಕ್ಕಾಗಿ ಕಾದಿದ್ದವರು. ಹೊಸ ಪಂಚೆ ಉಟ್ಟು ಎರಡು ಬಸ್ಸು ಬದಲಿಸಿ ಮಣಿಪಾಲಕ್ಕೆ ಬಂದಿದ್ದರು. ಮಗುವನ್ನು ಮಡಿಲಲ್ಲಿ ಕೂರಿಸಿ, ಅಕ್ಕಸಾಲಿಗ ತಂತಿ ಹಿಡಿದು ಬಾಗಿದಾಗ ಮಾವನಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ವಿಜೇತಾ ಎದ್ದು ಬಂದು ಮಗುವನ್ನು ಎತ್ತಿ ಗಂಡ ಸುಕೇಶನ ತೊಡೆಯ ಮೇಲೆ ಇಟ್ಟಳು.

"ಬೇಸರ ಮಾಡಬೇಡಿ ಮಾವ. ಈಗ ಏನೇನೋ ಸೋಂಕು ಇರುತ್ತದೆ."

ನೆರೆದವರೆಲ್ಲ ನೆಲ ನೋಡಿದರು. ಮಾವ ಖಾಲಿ ಮಡಿಲ ಮೇಲೆ ಕೈ ಇಟ್ಟುಕೊಂಡು, "ಎಂತ ಬೇಸರ ಮಾರಾಯ್ತಿ. ಪಾಕ ಸುರಿಯಲಿಲ್ಲ ಅಲ್ವಾ?" ಎಂದು ನಕ್ಕರು. ಊಟಕ್ಕೆ ನಿಲ್ಲಲಿಲ್ಲ. ಕಾಪುವಿನಲ್ಲಿ ಕೆಲಸ ಉಂಟು ಎಂದು ಹೊರಟುಬಿಟ್ಟರು.

ಮೊನ್ನೆ ಚಂಪಾ ಬಂದಾಗ ವಿಜೇತಾ ಬಾಟಲಿ ಕುದಿಸುತ್ತಾ ಕೇಳಿದಳು, "ಮಾವನ ಕಫ ಪರೀಕ್ಷೆ ಮಾಡಿಸಿದ್ದಾರಾ ಅಮ್ಮ? ಟಿ.ಬಿ. ಆಗಿದ್ದರೆ ಮೋಕ್ಷಾಳಿಗೂ..."

"ಉಡುಪಿಯಲ್ಲಿ ಯಾವಾಗಲೋ ಮಾಡಿಸಿ ಆಗಿದೆ. ಟಿ.ಬಿ. ಅಲ್ಲ. ಕಲ್ಲಿನ ಧೂಳು, ಮಣ್ಣಿನ ಧೂಳು ಒಳಗೆ ಕೂತು ಗಟ್ಟಿಯಾದದ್ದು. ಅಂಟುವುದಿಲ್ಲ. ಹೋಗುವುದೂ ಇಲ್ಲ."

"ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಿದೆಯಾ? ಎತ್ತಿಕೊಂಡು ಹೋದೆ. ಹುಡುಗಿ ಆ ಕೋಟೆಯ ಕತೆ ಕೇಳಿ ಬೆಳೆದವಳು, ಅದಕ್ಕೆ ಕೆಟ್ಟ ಹೆಸರು ತರಬೇಡ ಅಂತ ಅವನು ನನ್ನ ಬಾಯಿಗೆ ಬೀಗ ಹಾಕಿದ್ದ." ಚಂಪಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಮನೆಯಲ್ಲೇ ಆಕ್ಸಿಜನ್ ಯಂತ್ರ ಹಾಕಿದ್ದಾರೆ. ಹಗಲೂ ರಾತ್ರಿ ಕೂತೇ ಇರುವುದು. ಮಲಗಿದರೆ ಉಸಿರಿಲ್ಲ."

ಆಮೇಲೆ ವಿಜೇತಾ ಎಷ್ಟೋ ಸಲ ಫೋನು ಎತ್ತಿದಳು, ಇಟ್ಟಳು. ಏನೆಂದು ಹೇಳುವುದು? ಬಹ್ಲಾದ ಚಿತ್ರಗಳನ್ನು ತೆಗೆದು ನೋಡಿದಳು. ಬಿಸಿಲಿಗೆ ಹೊಳೆಯುವ ನುಣುಪು ಗೋಡೆ, ಅದರ ಮುಂದೆ ನಗುತ್ತ ನಿಂತ ಪ್ರವಾಸಿಗರು. ಯಾವ ಗೋಡೆಗೆ ಮಾವ ಜರಡಿ ಹಿಡಿದದ್ದೋ, ಕೇಳಿಟ್ಟುಕೊಂಡಿರಲಿಲ್ಲ. ಮಗು ಎದ್ದು ಹಾಲಿಗೆ ಅತ್ತಿತು. ಹಾಲು ಕುಡಿಸಿ, ಹೆಗಲಿಗೆ ಹಾಕಿಕೊಂಡೇ ಎರ್ಮಾಳಿಗೆ ಫೋನು ಮಾಡಿದಳು.

ಮಾವನ ಹೆಂಡತಿ ಸರಸತ್ತೆ ಎತ್ತಿದರು. ದನಿ ಗುರುತು ಹಿಡಿದು ಫೋನನ್ನು ಮಾವನ ಕಿವಿಗೆ ಹಿಡಿದರು. ಯಂತ್ರದ ಗುಂಯ್ ಸದ್ದು, ಅದರೊಳಗೆ ಉಸಿರು.

"ಮಾವ, ನಾನು."

"ಮಗುವಿನ ಕಿವಿ... ಮಾಗಿತಾ?"

"ಮಾಗಿದೆ ಮಾವ. ನಾಳೆ ಕರೆದುಕೊಂಡು ಬರುತ್ತೇನೆ. ನಿಮ್ಮ ಮಡಿಲಲ್ಲಿ ಕೂರಿಸುತ್ತೇನೆ."

"ಮಡಿಲು ಈಗ ಗಟ್ಟಿ ಇಲ್ಲ ಮಗಾ. ಬಿದ್ದೀತು."

"ನಾನು ಹಿಡಿದುಕೊಳ್ಳುತ್ತೇನೆ."

ಸರಸತ್ತೆ ಫೋನು ಹಿಡಿದು ಜಗಲಿಗೆ ಬಂದಿರಬೇಕು, ಯಂತ್ರದ ಸದ್ದು ದೂರವಾಯಿತು.

"ನಾಳೆ ಬೇಡ," ಎಂದರು ತಗ್ಗಿದ ದನಿಯಲ್ಲಿ. "ಈಗಲೇ ಹೊರಡು."