ವಿ.ಪಿ.ಪಿ.ಯಲ್ಲಿ ಬಂದ ಗಂಗೆ

ಕೊತ್ತಂಬರಿ ಸೊಪ್ಪಿನ ಕಟ್ಟನ್ನೂ ಬಿಚ್ಚಿ ನೋಡಿಯೇ ಕೊಳ್ಳುವವಳು ನಾನು. ಆದರೆ ದೇವರ ಹೆಸರು ಹೇಳಿದರೆ ಸಾಕು, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಗೆ ಕಣ್ಣು ಮುಚ್ಚಿದ್ದಾಗಲೇ ನಮ್ಮ ಘಾಟ್ಕೋಪರ್ ಮನೆಗೆ ಗಂಗೆ ಬಂದದ್ದು, ಅದೂ ವಿ.ಪಿ.ಪಿ.ಯಲ್ಲಿ.

ಅತ್ತೆಯವರಿಗೆ ಇದ್ದದ್ದು ಒಂದೇ ಆಸೆ: ಕೊನೆಗಾಲಕ್ಕೆ ಬಾಯಿಗೆ ಗಂಗೆ ಬೀಳಬೇಕು. ಕಾಶಿಗೆ ಹೋಗಿಬರುವ ಶಕ್ತಿ ಅವರ ಮೊಣಕಾಲಿಗೂ ಇರಲಿಲ್ಲ, ನಮ್ಮವರ ರಜೆಗೂ ಇರಲಿಲ್ಲ. ವಾರಪತ್ರಿಕೆಯೊಂದರಲ್ಲಿ ಗಂಗೆಯ ಗಿಂಡಿಯ ಜಾಹೀರಾತು ನೋಡಿ ನಾನೇ ಕಾರ್ಡು ಬರೆದೆ. ಪಾರ್ಸೆಲ್ ಬಂದ ದಿನ, ಬಿಚ್ಚಿ ನೋಡಲೇ ಎಂದು ಕೇಳಿದ್ದಕ್ಕೆ ಪೋಸ್ಟ್‌ಮನ್, "ಆಧೀ ಪೈಸೇ, ಬಾಯಿ," ಅಂದ. ಮೊದಲು ದುಡ್ಡು, ಆಮೇಲೆ ಬಿಚ್ಚುವುದು; ಅದು ಅಂಚೆಯವರ ಧರ್ಮ. ನಮ್ಮ ಧರ್ಮ ಇನ್ನೂ ಬಿಗಿ. ಬೆಸುಗೆ ಹಾಕಿದ ಗಂಗೆಯ ಗಿಂಡಿಯನ್ನು ನಾವು ಸುಮ್ಮನೆ ಒಡೆಯುವುದಿಲ್ಲ, ಹೋಗುವ ಜೀವಕ್ಕೆಂದೇ ಕಾದಿಡುತ್ತೇವೆ. ಮೋಸ ಮಾಡುವವನಿಗೆ ಇದಕ್ಕಿಂತ ಅನುಕೂಲ ಬೇಕೆ? ಅಲ್ಲಾಡಿಸಿದರೆ ಸದ್ದಿರಲಿಲ್ಲ. "ಕಂಠದವರೆಗೂ ತುಂಬಿದ್ದಾನೆ, ಪುಣ್ಯಾತ್ಮ," ಅಂದರು ಅತ್ತೆ. ದೇವರ ಗೂಡಿನಲ್ಲಿಟ್ಟು ದಿನಾ ಕುಂಕುಮ ಹಚ್ಚಿದೆವು.

ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆಯವರ ಉಸಿರು ಬದಲಾಯಿತು. "ಗಂಗೆ ಕೊಡೇ," ಅಂದರು. ನಮ್ಮವರು ಬೆಸುಗೆ ಕಿತ್ತು, ಗಿಂಡಿಯನ್ನು ಉದ್ಧರಣೆಗೆ ಬಗ್ಗಿಸಿದರು. ಏನೂ ಬರಲಿಲ್ಲ. ತಟ್ಟಿದರು. ಬಿದ್ದದ್ದು ಮರಳು, ಒತ್ತಿ ತುಂಬಿದ ಒಣ ಮರಳು. ಅವರ ಕೈ ಹಾಗೇ ನಿಂತುಬಿಟ್ಟಿತು. ಅವರಮ್ಮನ ಬಾಯಿ ತೆರೆದೇ ಇತ್ತು.

ನಲ್ಲಿಯಲ್ಲಿ ಇನ್ನೂ ನೀರು ಬರುತ್ತಿತ್ತು, ಅದೊಂದು ಪುಣ್ಯ. ಓಡಿಹೋಗಿ ಲೋಟದಲ್ಲಿ ಹಿಡಿದು, ತುಳಸಿ ಹಾಕಿ ತಂದೆ. ಗಂಗೆ ಎನ್ನಲು ನಾಲಿಗೆ ಬರಲಿಲ್ಲ. ಒಂದು ಉದ್ಧರಣೆ ಹಾಕಿದೆ.

ನುಂಗಿದರು. "ನಮ್ಮನೆ ನೀರಲ್ವೇನೇ ಇದು?"

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಅವರ ತುಟಿ ಅಲ್ಲಾಡತೊಡಗಿತು. ಬಗ್ಗಿ ಕಿವಿಗೊಟ್ಟೆ. ದಿನಾ ಸ್ನಾನಕ್ಕೆ ಮುಂಚೆ ಹೇಳುತ್ತಿದ್ದ ಶ್ಲೋಕ, ನದಿಗಳನ್ನೆಲ್ಲ ಹೆಸರು ಹಿಡಿದು ಬಕೆಟ್ಟಿನ ನೀರಿಗೆ ಕರೆಯುತ್ತಾರಲ್ಲ, ಅದು. ಪೂರ್ತಿ ಹೇಳಿ ಮುಗಿಸಿ, "ಈಗ ಬಂದ್ಲು. ಇನ್ನೊಂದು ಹಾಕು," ಅಂದರು.

ಹಾಕಿದೆ. ಅದು ಒಳಗಿಳಿಯಿತು. ಆಮೇಲೆ ಹಾಕಿದ್ದು ಇಳಿಯಲಿಲ್ಲ.

ಬಂದವರೆಲ್ಲ ಮೋಸಗಾರನಿಗೆ ಶಾಪ ಹಾಕಿ ಹೋದರು. ನನ್ನ ಶಾಪವೂ ಅವರದರ ಜೊತೆ ಸೇರಿತ್ತು, ಇಲ್ಲವೆನ್ನಲಾರೆ. ಗಿಂಡಿ ಮಾತ್ರ ಒಳ್ಳೆಯ ತಾಮ್ರದ್ದೇ, ಪಾಪ. ಈಗ ಬೆಳಿಗ್ಗೆ ನಲ್ಲಿ ಬಂದ ಕೂಡಲೇ ಅದನ್ನು ತುಂಬಿ ದೇವರ ಮುಂದಿಡುತ್ತೇನೆ, ಅತ್ತೆಯವರ ಶ್ಲೋಕ ಹೇಳಿಕೊಂಡು. ಬಾಯಿಗೆ ಬೆಸುಗೆ ಹಾಕಿಸಿಲ್ಲ.