ಐತಪ್ಪನಿಗೆ ಕೇಳದ ಕೀರಲು

ಐತಪ್ಪನ ಅಜ್ಜ ದೂಮಣ್ಣ ಮಲ್ಪೆಯಲ್ಲಿ ದೋಣಿಯ ಹಲಗೆಯನ್ನು ಬೆರಳಗೆಣ್ಣಿನಿಂದ ತಟ್ಟಿ, ಒಳಗೆ ಎಲ್ಲಿ ಹುಳ ಹಿಡಿದಿದೆ ಎಂದು ಹೇಳುತ್ತಿದ್ದ ಆಸಾಮಿ. ಅಪ್ಪ ತನಿಯಪ್ಪ ದಡದಲ್ಲಿ ಕೂತು ಬೀಡಿ ಸೇದುತ್ತಲೇ, ದೂರದಲ್ಲಿ ಬರುತ್ತಿರುವ ಬೋಟಿನ ಇಂಜಿನ್ನಿಗೆ ಏನು ಕಾಯಿಲೆ ಎಂದು ಹೇಳಿಬಿಡುತ್ತಿದ್ದ. ಕಿವಿಯೇ ಆ ಮನೆಯ ಆಸ್ತಿ.

ಆ ಆಸ್ತಿ ಹೊತ್ತು ವಿಲಾಯತಿಯ ಈಸ್ಟ್ ಹ್ಯಾಮಿನ ಹೋಟೆಲಿಗೆ ಪಾತ್ರೆ ತೊಳೆಯಲು ಬಂದ ಐತಪ್ಪ, ಜಮೈಕಾದ ಎಗ್ಬರ್ಟನ ಕೈಗೆ ಸಿಕ್ಕಿದ. ಎಗ್ಬರ್ಟನದು ಕ್ರೋಯ್ಡನ್ನಿನ ನೆಲಮಾಳಿಗೆಯಲ್ಲಿ ಒಂದು ಸ್ಟುಡಿಯೊ. ಅಲ್ಲಿ ಕಲಿತದ್ದು ಡಬ್, ಅಂದರೆ ಆಗಲೇ ಹಾಡಿ ಮುಗಿಸಿದ, ಜಮೈಕಾದವರ ರೆಗ್ಗೆ ಹಾಡನ್ನು ಬಿಚ್ಚಿ ಮತ್ತೆ ಕಟ್ಟುವ ಕಸುಬು. ಟೇಪು ಓಡುತ್ತಿರುವಾಗಲೇ ಹಾಡುವವಳ ದನಿಯನ್ನು ಅರ್ಧ ಸಾಲಿಗೆ ಕಿತ್ತು, ಕೆಳದನಿಯ ಬೇಸು, ಡ್ರಮ್ಮುಗಳನ್ನಷ್ಟೇ ನಡೆಸಿ, ಉಳಿದ ಒಂದೇ ಪದವನ್ನು ಎಕೋ ಯಂತ್ರಕ್ಕೆ ಎಸೆಯಬೇಕು. ಅದು ಮಾರ್ದನಿಯಾಗಿ ದೂರ ದೂರ ಹೋಗಬೇಕು. ಕಿವಿ ಹೇಳಿದ್ದನ್ನು ಕೈ ಮಾಡಬೇಕು, ಅಷ್ಟೆ. ಹಾಗೆ ಐತಪ್ಪ ಮಿಕ್ಸ್ ಮಾಡಿದ 'ಬೇಸ್‌ಮೆಂಟ್ ಟೈಡ್' ಆಲ್ಬಮ್ಮನ್ನು ಇಂದಿಗೂ ಹುಡುಕಿಕೊಂಡು ಬರುತ್ತಾರೆ.

ವಯಸ್ಸಾದ ಮೇಲೆ ಕೆಟಲಿನ ಸಿಳ್ಳೆ ಕೇಳದಾಯಿತು. ಐತಪ್ಪ ಕೆಟಲನ್ನೇ ಬೈದು ಹೊಸದು ತಂದ.

ಈ ಸಂಗೀತದ ಹುಚ್ಚು ಹತ್ತಿದ ಬೆಂಗಳೂರಿನ ರುದ್ರೇಶ, ಒಂದು ಭಾನುವಾರ ಮಧ್ಯಾಹ್ನ ಸ್ಟ್ರಾಟ್‌ಫರ್ಡಿನ ಹಾಲಿನಲ್ಲಿ ಜನ ಸೇರಿಸಿದ. ಹಳೆಯ ಟೇಪುಗಳಿಂದಲೇ ಐತಪ್ಪ ಆ ಆಲ್ಬಮ್ಮನ್ನು ಎಲ್ಲರೆದುರು ಹೊಸದಾಗಿ ಮಿಕ್ಸ್ ಮಾಡಬೇಕು.

ಮೊದಲ ಹಾಡು ಹೇಗೋ ದಾಟಿತು. ಎರಡನೆಯದರಲ್ಲಿ ಎಕೋ ಮಂಕಾಗಿದೆ ಎನಿಸಿ ಐತಪ್ಪ ಅದರ ಮೇಲುದನಿಯ ಗುಂಡಿ ತಿರುಗಿಸಿದ. ಎಕೋ ತನ್ನ ದನಿಯನ್ನೇ ಮತ್ತೆ ಮತ್ತೆ ನುಂಗಿ ಸೂಜಿಯಂಥ ಕೀರಲಾಗಿ ಏರಿತು. ಜನ ಕಿವಿಗೆ ಕೈ ಒತ್ತಿಕೊಂಡರು. ಐತಪ್ಪನಿಗೆ ಕೇಳಿಸಿದ್ದು ಬೇಸು ಮಾತ್ರ. ಅದರ ಹೊಡೆತಕ್ಕೇ ಜನ ಕೈ ಎತ್ತಿದ್ದಾರೆಂದು ಹಿಗ್ಗಿ, ನಕ್ಕು, ಇನ್ನಷ್ಟು ತಿರುಗಿಸಿದ.

ಮಗಳು ಸಮೀಕ್ಷಾ ಓಡಿಬಂದು ತಾನೇ ಗುಂಡಿ ಇಳಿಸಿದಳು. "ಸ್ಟಾಪ್ ಇಟ್, ಡ್ಯಾಡ್. ಕಿರುಚ್ತಾ ಉಂಟು."

"ಎಂತ ಕಿರುಚೂದು? ನಂಗೆ ಎಂತದೂ ಕೇಳೂದಿಲ್ಲ."

ಮುಂದಿನ ಸಾಲಿನಲ್ಲಿದ್ದ ಹೋಟೆಲಿನ ಹಳೆಯ ಗೆಳೆಯ ವಾಸು, "ಹೋಯ್, ಕಿವಿ ಊರಲ್ಲೇ ಬಿಟ್ಟು ಬಂದ್ಯ ಮಾರಾಯ?" ಎಂದ. ಸುತ್ತಲಿನವರು ನಕ್ಕರು.

ಹಿಂದಿನ ಕೋಣೆಯಲ್ಲಿ ಕೂತ ಐತಪ್ಪನಿಗೆ ಮಗಳ ಮುಖ ನೋಡಲಾಗಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡ. ಈಚೆಗೆ ಹಾಡು ತಂದುಕೊಟ್ಟ ಹುಡುಗಿಯೊಬ್ಬಳು ಅವನ ಮಿಕ್ಸ್ ಕೇಳಿ, ಥ್ಯಾಂಕ್ಸ್ ಹೇಳಿ ಹೋದವಳು ಮತ್ತೆ ಮುಖ ತೋರಿಸಿರಲಿಲ್ಲ. ಯಾಕೆಂದು ಈಗ ತಿಳಿಯಿತು. ಎಷ್ಟು ಜನರ ಹಾಡು ಹೀಗೆ ಕೆಡಿಸಿದೆನೋ, ಎಷ್ಟು ಜನ ಮರ್ಯಾದೆಗೆ ಸುಮ್ಮನಿದ್ದರೋ ಎಂದು ಮೈ ಹಿಡಿಯಾಯಿತು.

ರುದ್ರೇಶ ಬಾಗಿಲು ಸರಿಸಿ ಒಳಗೆ ಬಂದ. "ಸರ್, ಬ್ರೇಕ್ ಅಂತ ಹೇಳಿದೀನಿ. ಸಮೀಕ್ಷಾ ಪಕ್ಕದಲ್ಲಿ ಕೂತು ಸೌಂಡ್ ತೋರಿಸೋ ಸ್ಕ್ರೀನ್ ನೋಡ್ತಾರೆ. ಸೌಂಡ್ ಮೇಲೆ ಹೋದ್ರೆ ನಿಮ್ಮ ಭುಜ ತಟ್ತಾರೆ. ಯಾರಿಗೂ ಗೊತ್ತಾಗಲ್ಲ."

"ಐ ಡೋಂಟ್ ಮೈಂಡ್, ಡ್ಯಾಡ್," ಎಂದಳು ಸಮೀಕ್ಷಾ.

ಐತಪ್ಪ ಎದ್ದು ನಿಂತ.

"ಬೇಡ ಮಗಾ. ನೀನು ತಟ್ಟೂದು, ನಾನು ತಿರುಗಿಸೂದು. ಆಮೇಲೆ ಜನ ಚಪ್ಪಾಳೆ ಹೊಡೆದ್ರೆ ನಾನು ಯಾವ ಮುಖ ಇಟ್ಕೊಂಡು ತಗೊಳ್ಳಲಿ? ಹೊರಗೆ ಹೋಗಿ ಹೇಳು, ಅಪ್ಪನಿಗೆ ಕಿವಿ ಕೇಳೂದಿಲ್ಲ ಅಂತ. ಬೇಡ, ಬಿಡು. ಅದನ್ನೂ ನಾನೇ ಹೇಳ್ತೇನೆ."